ಸ್ಟೇಷನ್ನುಗಳ ನಡುವಿನ ಸದ್ದು

ಘಟ್ಟದ ಅಂಚಿನ ನಮ್ಮ ಕೊಟ್ಟಿಗೆಹಾರದಲ್ಲಿ ಗುಡುಗು ಬರುವುದು ಎಲ್ಲರಿಗಿಂತ ಮೊದಲು ನಮ್ಮ ಮನೆಗೆ ಗೊತ್ತಾಗುತ್ತಿತ್ತು. ಇದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಅಪ್ಪ ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಿದ್ದ. ರಸ್ತೆಗೆ ಮುಖ ಮಾಡಿದ ಅಂಗಡಿ, ಅದರ ಬೆನ್ನಿಗೇ ಮನೆ. ಅಂಗಡಿಯ ಮೇಜಿನ ಮೇಲೆ ಒಂದು ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ದಿನವಿಡೀ ಹಾಡುತ್ತಲೋ ಮಾತಾಡುತ್ತಲೋ ಇರುತ್ತಿತ್ತು. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ತೋಟದವರೆಲ್ಲ ಹೂಮಳೆಗೆ ಕಾಯುವ ಹೊತ್ತಿನಲ್ಲಿ, ಆಕಾಶ ಇನ್ನೂ ಬೆಳ್ಳಗಿರುವಾಗಲೇ ಆ ರೇಡಿಯೋ ಕರಕರ ಅನ್ನಲು ಶುರುಮಾಡುತ್ತಿತ್ತು. ಘಟ್ಟದ ಆಚೆ ಎಲ್ಲೋ ಮಿಂಚಿದರೂ ಅದಕ್ಕೆ ತಿಳಿಯುತ್ತಿತ್ತು. ನಮ್ಮ ಕಿವಿಗೆ ಗುಡುಗು ಬೀಳುವುದಕ್ಕೆ ಇನ್ನೂ ಬೇಕಾದಷ್ಟು ಹೊತ್ತಿರುತ್ತಿತ್ತು.

"ಬಂತು ಕಣೇ" ಎಂದು ಅಪ್ಪ ಒಳಕ್ಕೆ ಕೂಗುತ್ತಿದ್ದ. ಅಮ್ಮ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಏಳುತ್ತಿದ್ದಳು. ಟಿ.ವಿ.ಯ ಪ್ಲಗ್ಗು, ಆಂಟೆನಾ ವಯರು, ಫೋನಿನ ವಯರು, ಮಿಕ್ಸಿಯ ವಯರು, ಎಲ್ಲವನ್ನೂ ಕಿತ್ತು ಗೋಡೆಯಿಂದ ದೂರ ಎಸೆಯುವುದು ಅವಳ ಕೆಲಸ. ಆ ಕೆಲಸಕ್ಕೆ ಬೇರೆಯವರು ಕೈ ಹಾಕುವಂತಿರಲಿಲ್ಲ. ಆಮೇಲೆ ಹಿತ್ತಿಲಿಗೆ ಹೋಗಿ ಪಕ್ಕದ ಹೋಟೆಲಿನವರಿಗೆ ಕೇಳುವಂತೆ, "ಪ್ಲಗ್ ಕಿತ್ರನಾ?" ಎಂದು ಒಂದು ಕೂಗು ಹಾಕುತ್ತಿದ್ದಳು. ಬಯಲುಸೀಮೆಯ ನೆಂಟರು ಬಂದಾಗ ಇದನ್ನು ನೋಡಿ ನಗುತ್ತಿದ್ದರು. ಒಂದೇ ಒಂದು ಸಿಡಿಲಿಗೆ ಟಿ.ವಿ. ಹೊಗೆಯಾಡಿದ್ದನ್ನು ಕಂಡವರು ನಗುವುದಿಲ್ಲ.

ಆದರೆ ನಮ್ಮ ಅನ್ನ ಬರುತ್ತಿದ್ದದ್ದು ಪ್ಲಗ್ ಕೀಳಲು ಮರೆತವರಿಂದಲೇ. ಗುಡುಗಿನ ಮರುದಿನ ನಮ್ಮ ಪುಟ್ಟ ಸರ್ಕಲ್ಲಿನಲ್ಲಿ ಜೀಪುಗಳು ನಿಲ್ಲುತ್ತಿದ್ದವು. ದೇವರಮನೆ ಕಡೆಯಿಂದ, ಘಟ್ಟದ ಬುಡದಿಂದ, ಎಸ್ಟೇಟ್ ಬಂಗಲೆಗಳಿಂದ, ಕೂಲಿಯವರ ಲೈನು ಮನೆಗಳಿಂದ ಸೆಟ್ಟುಗಳು ಗೋಣಿಚೀಲ ಹೊದ್ದುಕೊಂಡು ಬರುತ್ತಿದ್ದವು. "ಎಲ್ರೂ ನಮ್ಮಂಗೇ ಪ್ಲಗ್ ಕಿತ್ರೆ ನಾವು ಎಂತ ತಿನ್ನಾದು?" ಎಂದು ಅಮ್ಮ ನಗುತ್ತಿದ್ದಳು. ಹಾಗೆ ನಕ್ಕು, ಬಂದವರಿಗೆಲ್ಲ ಪ್ಲಗ್ ಕೀಳುವುದರ ಬಗ್ಗೆ ಪಾಠವನ್ನೂ ಮಾಡುತ್ತಿದ್ದಳು.

ಅಪ್ಪ ಕಲಿತದ್ದು ಟ್ರಾನ್ಸಿಸ್ಟರುಗಳ ಕಾಲದಲ್ಲಿ. ಅದಕ್ಕೆ ಮೂರು ಕಾಲು. ಮೀಟರಿನ ಸೂಜಿ ಮುಟ್ಟಿಸಿದರೆ ಬದುಕಿದೆಯೋ ಸತ್ತಿದೆಯೋ ಗೊತ್ತಾಗುತ್ತದೆ. ಸತ್ತದ್ದನ್ನು ಕಿತ್ತು, ಹೊಸದನ್ನು ಬೆಸುಗೆ ಹಾಕಿದರೆ ರೇಡಿಯೋ ಹಾಡುತ್ತದೆ. ಅವನ ಜೀವನವೆಲ್ಲ ಈ ಲೆಕ್ಕದಲ್ಲೇ ನಡೆದಿತ್ತು. ಆಮೇಲೆ ಐಸಿಗಳು ಬಂದವು. ಕಪ್ಪಗೆ, ಚಪ್ಪಟೆಯಾಗಿ, ಎರಡೂ ಬದಿಗೆ ಕಾಲುಗಳಿದ್ದು ಜರಿಹುಳುವಿನ ಹಾಗಿದ್ದವು. ಒಂದರೊಳಗೆ ಸಾವಿರಾರು ಟ್ರಾನ್ಸಿಸ್ಟರುಗಳಂತೆ. ಸುಟ್ಟು ಹೋದದ್ದಕ್ಕೂ ಚೆನ್ನಾಗಿರುವುದಕ್ಕೂ ಒಂದೇ ಮುಖ. ಅಪ್ಪ ಭೂತಗನ್ನಡಿ ಹಿಡಿದು ಅದರ ಬೆನ್ನಿನ ಮೇಲಿನ ಸಣ್ಣ ಅಕ್ಷರ ಓದುತ್ತಿದ್ದ. ಯಾವುದೋ ದೇಶದ ಹೆಸರು ಇರುತ್ತಿತ್ತು. "ಟ್ರಾನ್ಸಿಸ್ಟರ್ ಹೋದ್ರೆ ಔಷಧಿ ಮಾಡಬೌದು ಮಗಾ. ಇದು ಹೋದ್ರೆ ಹೆಣ ಎತ್ತಾದಷ್ಟೇ" ಎನ್ನುತ್ತಿದ್ದ.

ಅವನ ಮುಖ ನೋಡಿ ನನಗೆ ಸಂಕಟವಾಗುತ್ತಿತ್ತು. ತನ್ನದೇ ಮೇಜಿನ ಮೇಲೆ, ತನ್ನದೇ ದೀಪದ ಕೆಳಗೆ, ತನಗೆ ಪ್ರವೇಶವಿಲ್ಲದ ಒಂದು ವಸ್ತು ಕೂತಿರುವುದನ್ನು ಸಹಿಸುವುದು ಸುಲಭವಲ್ಲ. ಪಿಯುಸಿಯ ಭೌತಶಾಸ್ತ್ರ ಪುಸ್ತಕದಲ್ಲಿ ಅರೆವಾಹಕ ಎಂಬ ಮಾತಿತ್ತು. ವಿದ್ಯುತ್ತನ್ನು ಪೂರ್ತಿ ಬಿಡುವುದೂ ಇಲ್ಲ, ಪೂರ್ತಿ ತಡೆಯುವುದೂ ಇಲ್ಲ, ನಾವು ಹೇಳಿದ ಹಾಗೆ ಕೇಳುತ್ತದೆ ಎಂದು ನಾನು ಅಪ್ಪನಿಗೆ ಓದಿ ಹೇಳಿದೆ. "ಯಾರು ಹೇಳಿದಂಗೆ?" ಎಂದು ಅಪ್ಪ ಕೇಳಿದ. ಪುಸ್ತಕದಲ್ಲಿ ಅದು ಇರಲಿಲ್ಲ.

ನನ್ನನ್ನು ಮೂಡಿಗೆರೆಯ ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದ್ದು ಅದೇ ಕಾರಣಕ್ಕೆ. ಮನೆಯಲ್ಲಿ ಒಬ್ಬರಿಗಾದರೂ ಆ ಕರಿ ಹುಳುವಿನ ಭಾಷೆ ಬರಲಿ ಎಂದು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಕ್ಲಾಸು. ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಮಳೆಗಾಲದಲ್ಲಿ ಬೂಸ್ಟು ಹಿಡಿದ ಚಪ್ಪಲಿಗಳ ಸಾಲು ದಾಟಿ, ಒದ್ದೆ ಕಾಲನ್ನು ಗೋಣಿಗೆ ಒರೆಸಿ, ಪರದೆ ಸರಿಸಿ ಒಳಗೆ ಹೋದರೆ ಕಂಪ್ಯೂಟರುಗಳು ಮೇಲುಹೊದಿಕೆ ಹೊದ್ದು ಕೂತಿರುತ್ತಿದ್ದವು. ಗರ್ಭಗುಡಿಗೆ ಹೋದ ಹಾಗೆ ನಾವೆಲ್ಲ ಮೆಲ್ಲಗೆ ಮಾತಾಡುತ್ತಿದ್ದೆವು. ಸರ್ ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರೂ ಹೊಸಬರು. ನಮಗಿಂತ ಒಂದು ಪಾಠ ಮುಂದೆ ಇದ್ದರು ಅಷ್ಟೆ ಎಂದು ನನಗೆ ಬೇಗ ಗೊತ್ತಾಯಿತು.

ನಾನು ಬುದ್ಧಿವಂತೆಯೇನೂ ಆಗಿರಲಿಲ್ಲ. ಒಂದರಿಂದ ಹತ್ತರವರೆಗೆ ಬರೆಸುವ ಪ್ರೋಗ್ರಾಂ ಮಾಡಲು ಹೇಳಿದರು. ಒಂದು ಸಲ ಬರೆದ ಮೇಲೆ ಸಂಖ್ಯೆಯನ್ನು ಹೆಚ್ಚಿಸು ಎಂಬ ಸಾಲನ್ನು ನಾನು ಮರೆತೆ. ಪರದೆಯ ತುಂಬಾ ಒಂದು, ಒಂದು, ಒಂದು ಎಂದು ಓಡತೊಡಗಿತು. ಯಾವ ಗುಂಡಿ ಒತ್ತಿದರೂ ನಿಲ್ಲಲಿಲ್ಲ. ಇಷ್ಟು ದುಬಾರಿ ಯಂತ್ರವನ್ನು ಕೆಡಿಸಿಬಿಟ್ಟೆ ಎಂದು ಅಳು ಬಂತು. ಸರ್ ಬಂದು ಎರಡು ಗುಂಡಿ ಒಟ್ಟಿಗೆ ಒತ್ತಿ ನಿಲ್ಲಿಸಿದರು. "ಇದಕ್ಕೆ ಕೊನೆಯಿಲ್ಲದ ಲೂಪ್ ಅಂತಾರೆ. ಯಾವಾಗ ನಿಲ್ಲಿಸಬೇಕು ಅಂತ ನೀವು ಹೇಳದೆ ಇದ್ರೆ ಅದಕ್ಕೆ ಗೊತ್ತಾಗಲ್ಲ. ಕರೆಂಟ್ ಇರೋ ತನಕ ಮಾಡ್ತಾನೇ ಇರುತ್ತೆ" ಎಂದರು.

ಆ ಐಸಿಯ ಒಳಗೆ ಏನಿರುತ್ತದೆ ಎಂದು ಅಪ್ಪನ ಪರವಾಗಿ ಕೇಳಿದೆ. "ಅದು ನಮಗೆ ಬೇಡ. ಮರಳಿನಿಂದ ಮಾಡ್ತಾರೆ" ಎಂದು ಸರ್ ಮಾತು ಮುಗಿಸಿದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾನು ಹೇಮಾವತಿ ಹೊಳೆಯ ಮರಳನ್ನು ನೋಡುತ್ತಾ ಬಂದೆ. ಅದರ ಅಂಚಿನಲ್ಲಿ ಹುಡುಗರು ಬಟ್ಟೆ ಒಗೆಯುತ್ತಿದ್ದರು, ಎಮ್ಮೆ ಮಲಗಿತ್ತು.

ಆ ವರ್ಷಗಳಲ್ಲಿ ಸುತ್ತ ನೋಡಿದರೆ ಎಲ್ಲದರೊಳಗೂ ಅದೇ ಕರಿ ಹುಳು ಸೇರಿಕೊಳ್ಳುತ್ತಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಟಕಟ ಸದ್ದು ನಿಂತು ಮೌನ ಬಂತು. ಕಾಫಿ ಕೊಳ್ಳುವವರು ಮೊದಲು ಹಣ್ಣಿನ ಸಿಪ್ಪೆ ತೆಗೆದ ಪಾರ್ಚ್‌ಮೆಂಟ್ ಬೀಜವನ್ನು ಹಲ್ಲಿನಲ್ಲಿ ಕಚ್ಚಿ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದರು. ಬೆಳೆಗಾರರು ತಾವೂ ಕಚ್ಚಿ ಜಗಳ ಆಡುತ್ತಿದ್ದರು. ಈಗ ಒಂದು ಮೀಟರಿಗೆ ಬೀಜ ಸುರಿದರೆ ಅದು ತೇವದ ಅಂಕಿ ತೋರಿಸುತ್ತಿತ್ತು, ಅದರೊಡನೆ ಜಗಳ ಆಡಲು ಯಾರಿಗೂ ಬರುತ್ತಿರಲಿಲ್ಲ. ತಕ್ಕಡಿ, ಬ್ಯಾಂಕು, ಪೆಟ್ರೋಲ್ ಬಂಕು, ಕೊನೆಗೆ ಗಡಿಯಾರ. ಇಷ್ಟೆಲ್ಲ ನಡೆಸುವ ವಸ್ತುವನ್ನು ಮಾಡಬಲ್ಲವರು ನಮ್ಮ ತಾಲ್ಲೂಕಿನಲ್ಲಿ ಬಿಡಿ, ನನಗೆ ಗೊತ್ತಿದ್ದ ಜಗತ್ತಿನಲ್ಲೇ ಯಾರೂ ಇರಲಿಲ್ಲ. ಒಂದು ಸಲ ಒಂದು ಬಗೆಯ ಐಸಿ ಬರುವುದೇ ನಿಂತುಹೋಯಿತು. ಅಪ್ಪ ಬೆಂಗಳೂರಿನ ಅಂಗಡಿಗೆ ಫೋನು ಮಾಡಿದರೆ, "ಹೊರದೇಶದಿಂದಲೇ ಬರ್ತಿಲ್ಲ" ಎಂದರು. ಆ ಮಳೆಗಾಲವಿಡೀ ಒಂದು ರಾಶಿ ಟಿ.ವಿ.ಗಳು ಅಂಗಡಿಯಲ್ಲಿ ಕುರುಡಾಗಿ ಕೂತಿದ್ದವು. ನಾವು ನಮ್ಮ ಬದುಕನ್ನು ಕಂಡರಿಯದವರ ಕೈಗೆ ಕೊಟ್ಟು ಕೂತಿದ್ದೇವೆ ಎಂದು ನನಗೆ ಮೊದಲ ಬಾರಿಗೆ ಭಯವಾದದ್ದು ಆಗ.

ಅಮ್ಮ ಬಿದ್ದದ್ದು ಆ ಮಳೆಗಾಲ ಕಳೆದ ಮುಂದಿನ ಬೇಸಿಗೆಯಲ್ಲಿ. ರೇಡಿಯೋ ಕರಕರ ಅಂದಿತ್ತು, ಅಪ್ಪ ಕೂಗಿದ್ದ. ಟಿ.ವಿ.ಯ ಪ್ಲಗ್ಗು ಕೈಯಲ್ಲಿ ಹಿಡಿದುಕೊಂಡೇ ಅಮ್ಮ ಕುಸಿದಳು. ಶಾಕ್ ಹೊಡೆಯಿತೆಂದೇ ನಾವೆಲ್ಲ ತಿಳಿದೆವು. ಅಪ್ಪ ಮೇನ್ ಸ್ವಿಚ್ ಆರಿಸಿ, ಮನೆಯ ವಯರಿಂಗ್ ಪೂರ್ತಿ ಬಿಚ್ಚಿ ನೋಡಿದ. ದೋಷವೇನೂ ಸಿಗಲಿಲ್ಲ. ಕೆಲವು ದಿನ ಬಿಟ್ಟು ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದವಳು ಮತ್ತೆ ಬಿದ್ದಳು. ಅಲ್ಲಿ ವಯರೇ ಇರಲಿಲ್ಲ. ಮೂಡಿಗೆರೆಯ ಡಾಕ್ಟರು ಮಣಿಕಟ್ಟು ಹಿಡಿದು ನೋಡಿ, ಮಂಗಳೂರಿನ ಆಸ್ಪತ್ರೆಗೆ ಬರೆದುಕೊಟ್ಟರು. ಘಟ್ಟದ ತಿರುವುಗಳಲ್ಲಿ ಅಪ್ಪ ಅವಳ ಕೈ ಬಿಡಲಿಲ್ಲ. ಹೃದಯಕ್ಕೆ ಹೊಡೆದುಕೊಳ್ಳಲು ಹೇಳುವ ದಾರಿ ಒಳಗೇ ಕಡಿದು ಹೋಗಿದೆ, ಪೇಸ್‌ಮೇಕರ್ ಹಾಕಲೇಬೇಕು ಎಂದರು ಅಲ್ಲಿಯ ಡಾಕ್ಟರು.

ಹಾಕಿದ ಮೇಲೆ ಅವರು ನಮ್ಮನ್ನು ಕೂರಿಸಿಕೊಂಡು ತೋರಿಸಿದರು. ಅಮ್ಮನ ಎದೆಯ ಮೇಲೆ, ಸೀರೆಯ ಮೇಲೆಯೇ, ಒಂದು ಬಿಲ್ಲೆ ಇಟ್ಟರು. ಪಕ್ಕದ ಪೆಟ್ಟಿಗೆಯ ಪರದೆಯ ಮೇಲೆ ಅಂಕಿಗಳು ಮೂಡಿದವು. ಒಳಗೆ ಪ್ರೋಗ್ರಾಂ ಇದೆಯಾ ಎಂದು ಕೇಳಿದೆ.

"ಇಲ್ಲದೆ ಮತ್ತೆ?" ಎಂದರು ಡಾಕ್ಟರು. "ಹೃದಯ ತಾನಾಗಿ ಹೊಡೀತದಾ ಅಂತ ಅದು ಕಾಯ್ತದೆ. ಹೊಡೀಲಿಲ್ಲ ಅಂದ್ರೆ ಒಂದು ಸಣ್ಣ ಕರೆಂಟು ಕೊಡ್ತದೆ. ಪುನಃ ಕಾಯ್ತದೆ. ಅಷ್ಟೇ."

ಅಷ್ಟೇ. ನನಗೆ ಅದು ಪರದೆಯ ಮೇಲೆ ಬರೆದ ಹಾಗೆ ಕಂಡಿತು. ಒಂದು ಷರತ್ತು, ಅದರ ಸುತ್ತ ಒಂದು ಲೂಪು. ಕ್ಲಾಸಿನಲ್ಲಿ ನಾನು ತಪ್ಪಿ ಬರೆದು ಹೆದರಿದ್ದ, ಕೊನೆಯಿಲ್ಲದ ಲೂಪು. ಅದು ನಿಲ್ಲದೆ ಇರುವುದರಿಂದಲೇ ಅಮ್ಮ ಮಂಚದ ಮೇಲೆ ಕೂತು ಮೂಸಂಬಿ ಸುಲಿಯುತ್ತಿದ್ದಳು. ಖುಷಿಯಾಯಿತು. ಆ ಖುಷಿ ಬಸ್ ಸ್ಟ್ಯಾಂಡಿನ ತನಕವೂ ಬರಲಿಲ್ಲ. ನನ್ನ ಹತ್ತು ಸಾಲಿನ ಪ್ರೋಗ್ರಾಮಿನಲ್ಲೇ ಎಷ್ಟು ತಪ್ಪು ಇರುತ್ತಿತ್ತೆಂದು ನನಗೆ ಗೊತ್ತಿತ್ತು. ಎಷ್ಟೋ ಸಲ ಸರಿಯಾಗಿ ಓಡಿ, ಒಂದು ದಿನ ಸುಮ್ಮಸುಮ್ಮನೆ ಕೈಕೊಡುತ್ತಿತ್ತು. ಅಮ್ಮನ ಎದೆಯೊಳಗಿನದನ್ನೂ ಯಾರೋ ಒಬ್ಬರು ಕೂತು ಬರೆದಿದ್ದಾರೆ. ಅವರಿಗೆ ಆ ದಿನ ತಲೆನೋವಿದ್ದಿದ್ದರೆ?

ಅಪ್ಪನ ಭಯ ಬೇರೆ. ಹೊರಡುವ ಮೊದಲು ಅವನು ಡಾಕ್ಟರ ಹತ್ತಿರ ಹೋಗಿ ಮೆಲ್ಲಗೆ ಕೇಳಿದ. "ನಮ್ಮ ಕಡೆ ಗುಡುಗು ಜಾಸ್ತಿ ಡಾಕ್ಟ್ರೇ. ಗುಡುಗು ಬಂದಾಗ ಸ್ವಲ್ಪ ಹೊತ್ತು ಅದನ್ನ ಆಫ್ ಮಾಡಿ ಇಡಾಕೆ ಬರ್ತದಾ?"

"ಅದು ಆಫ್ ಆದ್ರೆ ಇವರೂ ಆಫ್ ಆಗ್ತಾರೆ ಮಾರಾಯ್ರೆ" ಎಂದರು ಡಾಕ್ಟರು. "ಗುಡುಗಿಗೆ ಎಂತ ಆಗುದಿಲ್ಲ. ಹೆದರ್ಬೇಡಿ."

ಅಮ್ಮ ಜೋರಾಗಿ ನಕ್ಕಳು. ಅಪ್ಪ ನಗಲಿಲ್ಲ. ಸಿಡಿಲಿಗೆ ಸಿಕ್ಕ ಐಸಿಗಳನ್ನು ವರ್ಷಗಟ್ಟಲೆ ಕಿತ್ತು ಡಬ್ಬಕ್ಕೆ ಹಾಕಿದವನಿಗೆ ಯಾವ ಡಾಕ್ಟರು ಹೇಳಿದರೂ ಅಷ್ಟೆ.

ಆ ವರ್ಷದಿಂದ ರೇಡಿಯೋ ಕರಕರ ಅಂದ ಕೂಡಲೇ ಅಪ್ಪ ತಾನೇ ಓಡಿ ಬಂದು ಪ್ಲಗ್ಗು ಕೀಳತೊಡಗಿದ. ಕಿತ್ತು, ಅಮ್ಮನನ್ನು ನಡುಮನೆಯಲ್ಲಿ, ಗೋಡೆಗಳಿಂದ ದೂರ, ಹಲಸಿನ ಮಣೆಯ ಮೇಲೆ ಕೂರಿಸುತ್ತಿದ್ದ. ಕಾಲಿಗೆ ಹವಾಯಿ ಚಪ್ಪಲಿ ಬೇರೆ. ಮರ ಮತ್ತು ರಬ್ಬರು ಕರೆಂಟು ಬಿಡುವುದಿಲ್ಲವಲ್ಲ. ಹುಟ್ಟಿದಾಗಿನಿಂದ ಹೊಸಿಲಿನ ಒಳಗೆ ಚಪ್ಪಲಿ ಮೆಟ್ಟದ ಅಮ್ಮ ದೇವರ ಗೂಡಿನ ಎದುರಿಗೇ ಚಪ್ಪಲಿ ಹಾಕಿ ಕೂರಬೇಕಾಯಿತು. ನಾಚಿಕೆಗೆ ಸೀರೆಯನ್ನು ಕೆಳಕ್ಕೆ ಎಳೆದು ಕಾಲು ಮುಚ್ಚಿಕೊಳ್ಳುತ್ತಿದ್ದಳು.

"ನನ್ನ ಪ್ಲಗ್ ಎಲ್ಲಿದೆ ಹೇಳ್ರೀ, ನಾನೇ ಕಿತ್ಕೊಳ್ತೀನಿ" ಎಂದು ರೇಗುತ್ತಿದ್ದಳು.

"ಬಾಯಿ ಮುಚ್ಚು ಮಾರಾಯ್ತಿ" ಎನ್ನುತ್ತಿದ್ದ ಅಪ್ಪ. ನಾನು ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದೆ. ಮಣೆಯೂ ಚಪ್ಪಲಿಯೂ ಯಾವ ಕೆಲಸಕ್ಕೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕಿಂತ ಒಳ್ಳೆಯದು ಇನ್ನೇನು ಮಾಡಬೇಕೆಂದು ಗೊತ್ತಿರಲಿಲ್ಲ.

ಒಂದು ದಿನ ಅಮ್ಮ ಅಂಗಡಿಗೆ ಕಾಫಿ ತಂದು, ಮೇಜಿನ ಮೇಲೆ ಬಗ್ಗಿ ಲೋಟ ಇಟ್ಟಳು. ಅಪ್ಪ ಆಗ ರೇಡಿಯೋದ ಮುಳ್ಳು ತಿರುಗಿಸುತ್ತಾ ಮಂಗಳೂರು ಸ್ಟೇಷನ್ನಿಗೂ ಭದ್ರಾವತಿ ಸ್ಟೇಷನ್ನಿಗೂ ನಡುವೆ ಏನೂ ಸಿಗದ ಜಾಗದಲ್ಲಿದ್ದ. ಇದ್ದಕ್ಕಿದ್ದಂತೆ ರೇಡಿಯೋದಲ್ಲಿ ಟಕ್, ಟಕ್, ಟಕ್ ಎಂದು ಸದ್ದು ಬಂತು. ಅಮ್ಮ ನೆಟ್ಟಗೆ ನಿಂತಳು, ಸದ್ದು ನಿಂತಿತು. ಅಪ್ಪ ಎದ್ದು ರೇಡಿಯೋವನ್ನೇ ಅವಳ ಎದೆಗೆ ಹಿಡಿದ. ಟಕ್, ಟಕ್, ಟಕ್. "ಮಗಾ, ಬಾ ಇಲ್ಲಿ, ಬಾ" ಎಂದು ಕೂಗಿದ. ಅಷ್ಟು ಸಂತೋಷದಲ್ಲಿ ಅವನನ್ನು ನಾನು ಅದಕ್ಕೆ ಮುಂಚೆಯೂ ಆಮೇಲೂ ಕಂಡಿಲ್ಲ. ಕೊನೆಗೂ ಒಂದು ಐಸಿ ಅವನಿಗೆ ಉತ್ತರ ಕೊಟ್ಟಿತ್ತು.

ಮುಂದಿನ ಸಲ ಮಂಗಳೂರಿಗೆ ಹೋದಾಗ ಡಾಕ್ಟರಿಗೂ ಹೇಳಿದ. ಅವರಿಗೆ ಆಶ್ಚರ್ಯವಾಗಲಿಲ್ಲ. ಹಿಂದಿನ ಕಾಲದ ಡಾಕ್ಟರುಗಳು ಪೇಸ್‌ಮೇಕರನ್ನು ಹಾಗೆಯೇ ಪರೀಕ್ಷೆ ಮಾಡುತ್ತಿದ್ದರಂತೆ. "ಕೇಳಿ, ತೊಂದರೆ ಇಲ್ಲ. ಆದ್ರೆ ಅದು ಮಿಷನಿನ ಸದ್ದು ಮಾರಾಯ್ರೆ, ಹೃದಯದ್ದಲ್ಲ" ಎಂದರು. ಅಪ್ಪ ತಲೆಯಾಡಿಸಿದ. ಆ ಮಾತಿನ ಅರ್ಧವನ್ನು ಮಾತ್ರ ಅವನು ಮನೆಗೆ ತಂದ.

ಅಂದಿನಿಂದ ಅಂಗಡಿಯ ಬಾಗಿಲು ತೆಗೆಯುವ ಮೊದಲು ರೇಡಿಯೋ ಹಿಡಿದು ಅಡಿಗೆಮನೆಗೆ ಬರುವುದು ಅವನ ಪೂಜೆಯಾಯಿತು. ಅಮ್ಮ ದೋಸೆ ಎರೆಯುತ್ತಿದ್ದರೆ ಪಕ್ಕದಲ್ಲಿ ನಿಂತು ಕೇಳುತ್ತಿದ್ದ. "ಹೆಂಡ್ತಿ ಮಾತು ಕೇಳಾಕೆ ಪುರುಸೊತ್ತಿಲ್ಲ, ಇದನ್ನ ಕೇಳಾಕೆ ಬರ್ತಾರೆ" ಎಂದು ಅಮ್ಮ ಸೌಟಿನಲ್ಲಿ ಅವನ ಕೈ ತಳ್ಳುತ್ತಿದ್ದಳು. ಟಕ್ ಟಕ್ ಕೇಳಿದ ದಿನ ಅಪ್ಪ ಸಲೀಸಾಗಿ ಕೆಲಸ ಮಾಡುತ್ತಿದ್ದ. ಗುಡುಗು ಬಂದ ದಿನ ಮಾತ್ರ ರೇಡಿಯೋದ ತುಂಬ ಕರಕರವೇ ತುಂಬಿ, ಆ ಸದ್ದು ಕೇಳುತ್ತಿರಲಿಲ್ಲ. ಬೇಕಾದ ಹೊತ್ತಿಗೇ ಕೇಳುವುದಿಲ್ಲವಲ್ಲ ಎಂದು ಅವನು ಮಣೆಯ ಸುತ್ತ ಸುತ್ತುತ್ತಿದ್ದ.

ಹೀಗೆ ಕೆಲವು ವರ್ಷ ಕಳೆದವು. ನಾನು ಮೂಡಿಗೆರೆಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರಾದೆ. ಮಕ್ಕಳಿಗೆ ಲೂಪಿನ ಪಾಠ ಮಾಡುವಾಗೆಲ್ಲ, ನಿಲ್ಲಿಸುವ ಷರತ್ತು ಬರೆಯಲು ಮರೆಯಬೇಡಿ ಎನ್ನುತ್ತಿದ್ದೆ. ಹೇಳುವಾಗ ಪ್ರತಿ ಸಲವೂ ಅಮ್ಮ ನೆನಪಾಗುತ್ತಿದ್ದಳು, ಆ ಮಾತು ಅರ್ಧಕ್ಕೇ ತೊದಲುತ್ತಿತ್ತು.

ಅಮ್ಮ ಹೋದದ್ದು ಜನವರಿಯ ಒಂದು ಭಾನುವಾರ ಬೆಳಿಗ್ಗೆ. ಕಾಫಿ ಕೊಯ್ಲಿನ ಕಾಲ, ಆಕಾಶದಲ್ಲಿ ಮೋಡದ ಒಂದು ಚೂರೂ ಇರಲಿಲ್ಲ. ಅಷ್ಟು ವರ್ಷ ನಾವು ಗುಡುಗಿಗೆ ಹೆದರಿದ್ದೆವು. ಹಿತ್ತಿಲ ಬಿಸಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದವಳು, ತಲೆ ಒಡೆದುಹೋಗುತ್ತಿದೆ ಎಂದು ಒಂದೇ ಮಾತು ಹೇಳಿ ಪಕ್ಕಕ್ಕೆ ಒರಗಿದಳು. ನಾನೂ ಹೋಟೆಲಿನವರೂ ಎತ್ತಿ ತಂದು ನಡುಮನೆಯಲ್ಲಿ ಮಲಗಿಸಿದೆವು. ಹೋಟೆಲಿನವರು ಮೂಗಿನ ಹತ್ತಿರ ಬೆರಳಿಟ್ಟು, ಮಣಿಕಟ್ಟು ಹಿಡಿದು, ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು.

ಅಪ್ಪ ಮಣಿಕಟ್ಟು ಮುಟ್ಟಲಿಲ್ಲ. ಅಂಗಡಿಗೆ ಓಡಿ ರೇಡಿಯೋ ತಂದ. ಎದೆಯ ಮೇಲಿಟ್ಟು ಮುಳ್ಳು ತಿರುಗಿಸಿದ.

ಟಕ್, ಟಕ್, ಟಕ್.

"ಇದೆ ಮಗಾ! ಇದೆ! ಹೊಡೀತಾ ಇದೆ!" ಅಪ್ಪ ಎದ್ದು ನಿಂತುಬಿಟ್ಟ. "ಜೀಪ್ ಕರೀರಿ. ಎಂತ ನೋಡ್ತಾ ನಿಂತಿದೀರಿ? ಮಂಗಳೂರಿಗೆ ಹೋಗಾನ!"

ಯಾರೋ ಹೋಗಿ ಹತ್ತಿರದ ಡಾಕ್ಟರನ್ನು ಕರೆತಂದರು. ಅವರು ಸ್ಟೆತೋಸ್ಕೋಪು ಇಟ್ಟು ಕೇಳಿದರು, ರೆಪ್ಪೆ ಎತ್ತಿ ನೋಡಿದರು, ತಲೆಯೊಳಗೆ ರಕ್ತನಾಳ ಒಡೆದಿರಬೇಕು, ಜೀವ ಹೋಗಿದೆ ಎಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ದಹನಕ್ಕೆ ಮುಂಚೆ ಆ ಯಂತ್ರವನ್ನು ತೆಗೆಯಬೇಕು, ಬೆಂಕಿಯಲ್ಲಿ ಅದು ಸಿಡಿಯುತ್ತದೆ, ಮೂಡಿಗೆರೆಯಿಂದ ಒಬ್ಬರನ್ನು ಕಳಿಸುತ್ತೇನೆ, ಕಾಯಿರಿ ಎಂದರು. ಅಪ್ಪ ಅವರ ಹಿಂದೆಯೇ ರೇಡಿಯೋ ಹಿಡಿದು ಅಂಗಳದವರೆಗೆ ಹೋದ. "ನಿಮ್ಮ ಕಿವಿಗೆ ಕೇಳಲ್ವಾ ಡಾಕ್ಟ್ರೇ? ಒಳಗೆ ಬಂದು ಇನ್ನೊಂದ್ ಸಲ ಕೇಳಿ." ಡಾಕ್ಟರು ಅವನ ಭುಜ ಮುಟ್ಟಿ ಹೊರಟುಹೋದರು.

ನೆಂಟರು ಬರತೊಡಗಿದರು. ಅಪ್ಪ ಅಮ್ಮನ ಪಕ್ಕದಲ್ಲಿ, ಅದೇ ಹಲಸಿನ ಮಣೆಯ ಮೇಲೆ ಕೂತಿದ್ದ. ರೇಡಿಯೋ ಅವಳ ಎದೆಯ ಮೇಲೇ ಇತ್ತು. ಬಂದವರು ಅಳುವುದನ್ನು ನಿಲ್ಲಿಸಿ ಆ ಸದ್ದು ಕೇಳುತ್ತಿದ್ದರು. ಕೆಲವರು ನನ್ನ ಮುಖ ನೋಡುತ್ತಿದ್ದರು, ನಿಜವಾಗಿಯೂ ಜೀವ ಇರಬಹುದೇ ಎಂಬ ಹಾಗೆ. ಹೇಳಬೇಕಾದವಳು ನಾನೇ ಎಂದು ಗೊತ್ತಿತ್ತು.

ಕೊನೆಗೆ ಅವನ ಪಕ್ಕ ಹೋಗಿ ಕೂತೆ. "ಅಪ್ಪ, ಇದು ಅಮ್ಮನ ಸದ್ದಲ್ಲ. ಮಿಷನಿಂದು. ಎದೆ ಹೊಡ್ಕೊಳ್ಳುತ್ತಾ ಅಂತ ಅದು ಕಾಯುತ್ತೆ. ಹೊಡ್ಕೊಳ್ಳಲಿಲ್ಲ ಅಂದ್ರೆ ಕರೆಂಟು ಕೊಡುತ್ತೆ. ಮತ್ತೆ ಕಾಯುತ್ತೆ. ಬ್ಯಾಟ್ರಿ ಇರೋ ತನಕ ಹಿಂಗೇ ಮಾಡ್ತಾ ಇರುತ್ತೆ. ಅದಕ್ಕೆ ಗೊತ್ತಿಲ್ಲ ಅಪ್ಪ."

"ಎಂತ ಗೊತ್ತಿಲ್ಲ?"

"ಅಮ್ಮ ಹೋಗಿದ್ದು."

ಅಪ್ಪ ರೇಡಿಯೋದಿಂದ ಕೈ ತೆಗೆದು ನನ್ನ ಕಡೆ ತಿರುಗಿದ. ಆಮೇಲೆ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಕೊಡು ಎಂದು ಕೇಳುವಾಗಿನ ಅದೇ ದನಿಯಲ್ಲಿ, "ನೀನು ಕಲ್ತಿದೀಯಲ್ಲ ಮಗಾ. ಅದಕ್ಕೆ ತಿಳ್ಸು" ಎಂದ.

ಇಷ್ಟು ವರ್ಷ ಕಲಿತದ್ದು, ಕಲಿಸಿದ್ದು ಯಾವುದೂ ಅಮ್ಮನ ಚರ್ಮದ ಕೆಳಗಿನ ಆ ಚೂರಿನ ತನಕ ತಲುಪುವಂತಿರಲಿಲ್ಲ. ಮೂಡಿಗೆರೆಯಿಂದ ಬರಬೇಕಾದವರು ಇನ್ನೂ ಬಂದಿರಲಿಲ್ಲ. ಟಕ್, ಟಕ್, ಟಕ್ ಎಂದು ಅದು ಅಮ್ಮನನ್ನು ಕರೆಯುತ್ತಲೇ ಇತ್ತು, ಅಪ್ಪ ಕಾಯುತ್ತಾ ಕೂತಿದ್ದ.

ನಾನು ಕೈ ಚಾಚಿ ರೇಡಿಯೋ ಆರಿಸಿದೆ. ನನ್ನಿಂದ ಆರಿಸಲು ಆಗುತ್ತಿದ್ದದ್ದು ಅದೊಂದನ್ನೇ.